ಬಾಗಿಲ ಬಳಿಯ ಸ್ವಿಚ್ಚು

ನೆಲ್ಯಾಡಿ ಪೇಟೆಯಲ್ಲಿ ನಿಂತು ಬಿನೋಯ್ ಮನೆ ಎಲ್ಲಿ ಎಂದು ಕೇಳಿದರೆ, ಯಾವ ಬಿನೋಯ್ ಎಂದು ತಿರುಗಿ ಕೇಳುತ್ತಾರೆ. ಅಲ್ಲಿ ಬಿನೋಯ್‌ಗಳಿಗೆ ಬರವಿಲ್ಲ. ಸಿಡಿಲಿಗೆ ಹೆದರುವ ಬಿನೋಯ್ ಎಂದರೆ ಮಾತ್ರ ಹೋಟೆಲಿನವರೂ ಕೈಯಲ್ಲಿದ್ದ ಲೋಟ ಕೆಳಗಿಟ್ಟು ದಾರಿ ತೋರಿಸುತ್ತಾರೆ. ಮನುಷ್ಯ ಒಳ್ಳೆಯವನು. ರಬ್ಬರ್ ಟ್ಯಾಪಿಂಗಿನಲ್ಲಿ ಹದವಾದ ಕೈ, ಮರಕ್ಕೆ ಗಾಯವಾಗದಂತೆ ಸಿಪ್ಪೆ ತೆಗೆಯುತ್ತಾನೆ. ಇಗರ್ಜಿಯ ಕೆಲಸಕ್ಕೆ ಕರೆಯದೆಯೇ ಹೋಗುತ್ತಾನೆ. ಆದರೆ ಘಟ್ಟದ ಕಡೆ ಒಂದು ಕರಿಮೋಡ ಕಂಡಿತೋ, ಮಾಡುತ್ತಿದ್ದ ಕೆಲಸ ಅಲ್ಲಿಗೇ ಬಿಟ್ಟು ಮನೆಗೆ ಓಡುತ್ತಾನೆ. ಟಿವಿ, ಮಿಕ್ಸಿ, ಫ್ರಿಜ್ಜು, ಒಂದೊಂದರದೇ ಪ್ಲಗ್ ಕಿತ್ತು, ಮೈನ್ ಸ್ವಿಚ್ ಇಳಿಸಿ, ಆಮೇಲೆ ಜಗಲಿಯಲ್ಲಿ ಕೂತು ಶಿಲುಬೆಯ ಗುರುತು ಹಾಕಿಕೊಳ್ಳುತ್ತಾನೆ.

ನಮ್ಮ ಕಡೆ ಗುಡುಗು ಕೇಳಿದರೆ ಪ್ಲಗ್ ಕೀಳದ ಮನೆ ಇಲ್ಲ, ಅದು ನಿಜ. ಉಳಿದವರು ಗುಡುಗು ಕೇಳಿದ ಮೇಲೆ ಏಳುತ್ತಾರೆ, ಇವನು ಮೋಡ ಕಂಡಾಗಲೇ ಏಳುತ್ತಾನೆ. ಅದಕ್ಕೇ ಜನ ನಗುತ್ತಿದ್ದರು. ನಗುವವರಲ್ಲಿ ಅರ್ಧಕ್ಕರ್ಧ ಮಂದಿಗೆ ಜೋಬಿನ್‌ನ ವಿಷಯ ಗೊತ್ತಿರಲಿಲ್ಲ.

ಜೋಬಿನ್ ಇವನ ತಮ್ಮ. ಅಪ್ಪ ಅಮ್ಮ ಕೇರಳದಿಂದ ಬಂದು ಗುಡ್ಡ ಕಡಿದು ರಬ್ಬರ್ ಎಬ್ಬಿಸಿದ ಮೇಲೆ, ಮನೆಗೆ ಹೊಸದಾಗಿ ಕರೆಂಟು ಬಂದಿದ್ದ ಕಾಲ. ಮಳೆಗಾಲ ಮುಗಿದು ಮಧ್ಯಾಹ್ನದ ಸಿಡಿಲು ಶುರುವಾಗಿತ್ತು. ಒಳಗಿನಿಂದ ಅಮ್ಮ, ರೇಡಿಯೋದ ಪ್ಲಗ್ ತೆಗೆಯೋ ಬಿನೋಯ್ ಎಂದರು. ಬಿನೋಯ್ ಊಟಕ್ಕೆ ಕೂತಿದ್ದ. ಎಂಜಲು ಕೈ ತೋರಿಸಿ ತಮ್ಮನಿಗೆ, ನೀನು ಹೋಗು ಎಂದ. ಜೋಬಿನ್ ಹೋಗಿ ಪ್ಲಗ್ ಹಿಡಿದ, ಸಿಡಿಲು ಬಡಿಯಿತು, ಅಷ್ಟೇ. ಇನ್ನೂ ಮೀಸೆ ಚಿಗುರದ ಹುಡುಗ. ಅಂದಿನಿಂದ ಇಂದಿನವರೆಗೆ ಆ ಮನೆಯಲ್ಲಿ ಗುಡುಗಿನ ಹೊತ್ತಿಗೆ ಪ್ಲಗ್ ಮುಟ್ಟುವ ಕೈ ಒಂದೇ, ಬಿನೋಯ್‌ನದು. ಮದುವೆಯಾಗಿ ಬಂದ ಸೋಣಿಯಾಗೂ ಅವನು ಮೊದಲ ವಾರವೇ ಅದನ್ನು ಹೇಳಿಬಿಟ್ಟಿದ್ದ.

ಅವರಿಗೆ ಒಬ್ಬನೇ ಮಗ, ಜಿನು. ಶಾಲೆಗೆ ಸೇರಿದ ವರ್ಷ ಓಡುವಾಗ ಬೀಳತೊಡಗಿದ. ಮಂಗಳೂರಿನ ಡಾಕ್ಟರು ನೋಡಿ, ಇದು ಸ್ನಾಯುಗಳು ಒಂದೊಂದಾಗಿ ಸೋಲುವ ಕಾಯಿಲೆ, ಮದ್ದಿಲ್ಲ ಎಂದರು. ಹೈಸ್ಕೂಲಿಗೆ ಬರುವಾಗ ಗಾಲಿಕುರ್ಚಿ, ಪಿಯುಸಿ ಮುಗಿಯುವಾಗ ಮಂಚ. ಕಾಲು ಹೋಯಿತು, ಬೆನ್ನು ಹೋಯಿತು, ತೋಳಿನ ಬಲ ಹೋಯಿತು. ಇಪ್ಪತ್ತು ದಾಟುವ ಹೊತ್ತಿಗೆ ಅವನಿಗೆ ತನ್ನದು ಎಂದು ಉಳಿದದ್ದು ತಲೆ ಮತ್ತು ಬೆರಳುಗಳು.

ಆ ಬೆರಳುಗಳನ್ನು ಅವನು ಸುಮ್ಮನೆ ಇಡಲಿಲ್ಲ. ನೆಲ್ಯಾಡಿಯಿಂದ ಕಡಬದವರೆಗೆ ಯಾರ ಮಗುವಿನ ಹುಟ್ಟುಹಬ್ಬ ಇರಲಿ, ಯಾರ ಶ್ರದ್ಧಾಂಜಲಿ ಇರಲಿ, ವಾಟ್ಸಾಪಿನಲ್ಲಿ ಹರಿದಾಡುವ ಫೋಟೋ ಹಾಕಿದ ಪೋಸ್ಟರು ಜಿನುವಿನ ಮೊಬೈಲಿನಿಂದಲೇ ಹೊರಡುತ್ತಿತ್ತು. ಕನ್ನಡವೋ ಮಲಯಾಳವೋ, ಕೇಳಿದ ಭಾಷೆಯಲ್ಲಿ ಮಾಡಿ ಕೊಡುತ್ತಿದ್ದ. ಊರಿನ ಮಟ್ಟಿಗೆ ಅವನೊಂದು ಆಫೀಸು.

ಆದರೆ ಆಫೀಸಿನ ಸಾಹೇಬನಿಗೆ ನೀರು ಬೇಕಾದರೆ ಕರೆಯಬೇಕು. ಸೊಳ್ಳೆ ಕೂತರೆ ಕರೆಯಬೇಕು. ಮಗ್ಗುಲು ಬದಲಿಸಲು, ಬೆನ್ನು ತುರಿಸಲು, ಕಿಟಕಿ ಹಾಕಲು, ಎಲ್ಲಕ್ಕೂ ಕರೆಯಬೇಕು. ಕರೆಯುವುದೆಂದರೆ ಜಿನುವಿಗೆ ಪ್ರಾಣಸಂಕಟ. ಗಂಟಲು ಒಣಗಿ ಹೋದರೂ ಅಮ್ಮ ತಾನಾಗಿ ಬರುವವರೆಗೆ ಕಾಯುವ ಜಾತಿ. ಬಾಯಿ ಬಿಟ್ಟು ಹೇಳು ಮೋನೇ, ಹೇಳು ಮಗನೇ ಎಂದು ಸೋಣಿಯಾ ಬೈದು, ಅತ್ತು, ಸೋತಿದ್ದಳು. ಅವನಿಗೆ ಇದ್ದದ್ದು ಒಂದೇ ಆಸೆ. ದಿನದಲ್ಲಿ ಯಾವುದಾದರೂ ಒಂದು ಕೆಲಸ, ಯಾರನ್ನೂ ಕರೆಯದೆ ತಾನೇ ಮಾಡಿಕೊಳ್ಳಬೇಕು.

ಏಪ್ರಿಲಿನಲ್ಲಿ ಒಮ್ಮೆ ಅಡಿಗೆಕೋಣೆಯ ಲೈಟು ಸರಿಮಾಡಲು ಉಪ್ಪಿನಂಗಡಿಯ ಸುಹೈಬ್ ಬಂದಿದ್ದಾಗ ಜಿನು ಅವನನ್ನು ಕೋಣೆಗೆ ಕರೆಸಿಕೊಂಡ.

"ಸುಹೈಬಣ್ಣ, ಗೋಡೆಯಲ್ಲೇ ಯುಎಸ್‌ಬಿ ಇರುವ ಸಾಕೆಟ್ ಬರ್ತದಲ್ಲ, ಅದನ್ನು ನನ್ನ ತಲೆ ಹತ್ತಿರ ಹಾಕ್ಲಿಕ್ಕೆ ಆಗ್ತದಾ?"

"ಆಗದೆ ಎಂತ? ಚಾರ್ಜರಿನ ಕರಕರೆಯೇ ಇಲ್ಲ. ತುದಿಯಲ್ಲಿ ಅಯಸ್ಕಾಂತ ಇರುವ ಕೇಬಲ್ ಸಹ ಉಂಟು. ಮೊಬೈಲಿನ ಹತ್ತಿರ ಹಿಡಿದ್ರೆ ಸಾಕು, ಅದೇ ಅಂಟಿಕೊಳ್ತದೆ."

"ಹಾಗಾದ್ರೆ ನಾನೇ ಹಾಕಿಕೊಳ್ಬಹುದು."

"ಮತ್ತೆ? ನೀನೇ ಹಾಕುದು, ನೀನೇ ತೆಗೆಯುದು."

ಸುಹೈಬ್ ಮುಂದಿನ ಭಾನುವಾರ ಸಾಮಾನು ತಂದು ಮಂಚದ ಪಕ್ಕದ ಗೋಡೆ ಕೊರೆಯಲು ಕೂತ. ಇಗರ್ಜಿಯಿಂದ ಬಂದ ಬಿನೋಯ್ ಮಗನ ಮುಖ ನೋಡಿ ಖುಷಿಪಟ್ಟ. ಆಮೇಲೆ ಹೊಸ ಸಾಕೆಟನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದರ ಪ್ಲಗ್ ಎಲ್ಲಿ?"

"ಪ್ಲಗ್ ಇಲ್ಲ ಬಿನೋಯಣ್ಣ. ಎಲ್ಲ ಗೋಡೆಯ ಒಳಗೇ."

"ಮತ್ತೆ ಗುಡುಗು ಬಂದ್ರೆ ಕೀಳುದು ಹೇಗೆ?"

"ಕೀಳುದು ಎಂತಕ್ಕೆ ಮಾರಾಯ್ರೆ? ನೀವು ಹೇಗೂ ಮೈನ್ ಇಳಿಸ್ತೀರಲ್ಲ."

ಬಿನೋಯ್‌ನ ಮುಖ ಇಳಿಯಿತು. ಕೀಳಲು ಬಾರದ ಕರೆಂಟು, ಅದೂ ಮಗನ ಬೆರಳಿನ ಬುಡದಲ್ಲಿ. ಹಾಕಲೇಬೇಡ ಎನ್ನುವಷ್ಟು ಕಲ್ಲು ಮನಸ್ಸಲ್ಲ. ಆದ್ದರಿಂದ ತನಗೆ ತೋಚಿದ ದಾರಿ ಹಿಡಿದ. ಸಾಕೆಟ್ ಮಂಚದ ಹತ್ತಿರವೇ ಇರಲಿ, ಅದರ ಸ್ವಿಚ್ಚು ಮಾತ್ರ ಕೋಣೆಯ ಬಾಗಿಲ ಬಳಿ, ತನ್ನ ಎದೆಯೆತ್ತರಕ್ಕೆ ಇರಬೇಕು ಎಂದ.

"ಪಕ್ಕದಲ್ಲೇ ಇದ್ರೆ ಹುಡುಗನಿಗೆ ಅನುಕೂಲ," ಎಂದ ಸುಹೈಬ್.

"ಅನುಕೂಲ ನನಗೆ ಗೊತ್ತುಂಟು. ನೀನು ಬಾಗಿಲ ಹತ್ತಿರ ಹಾಕು."

ಸುಹೈಬ್ ಜಿನುವಿನ ಕಡೆ ನೋಡಿದ. ಜಿನು ಮೇಲಿನ ಫ್ಯಾನ್ ನೋಡುತ್ತಿದ್ದ. ಮನೆಯ ಯಜಮಾನ ಹೇಳಿದ ಮೇಲೆ ಕೆಲಸದವನು ಎಷ್ಟೆಂದು ವಾದ ಮಾಡಿಯಾನು? ವಯರನ್ನು ಬಾಗಿಲವರೆಗೆ ಎಳೆದು ಸ್ವಿಚ್ಚು ಕೂರಿಸಿ ಹೋದ.

ಮೊದಲ ದಿನ ಸಂಭ್ರಮಕ್ಕೆ ಕೊರತೆಯಾಗಲಿಲ್ಲ. ಬಿನೋಯ್ ಸ್ವಿಚ್ಚು ಹಾಕಿದ, ಜಿನು ದಿಂಬಿನ ಪಕ್ಕ ನೇತಾಡುತ್ತಿದ್ದ ಕೇಬಲನ್ನು ಬೆರಳಲ್ಲಿ ಎಳೆದೆಳೆದು ಮೊಬೈಲಿನ ಹತ್ತಿರ ತಂದ. ಟಕ್ಕೆಂದು ಅಂಟಿಕೊಂಡಿತು. ಹುಡುಗ ನಕ್ಕ ರೀತಿಗೆ ಸೋಣಿಯಾ ಸೆರಗಿನಲ್ಲಿ ಮುಖ ಒರೆಸಿಕೊಳ್ಳಬೇಕಾಯಿತು. ನೆರೆಯ ಪಂಕಜಾಕ್ಷಿಯನ್ನೂ ಕರೆದು ತೋರಿಸಿದರು. ಇನ್ನು ಆ ಒಂದು ವಿಷಯಕ್ಕೆ ಹುಡುಗ ಯಾರನ್ನೂ ಕರೆಯುವುದು ಬೇಡ ಎಂದು ಎಲ್ಲರೂ ನಂಬಿದರು.

ಕರೆಯಬೇಕಾಗಿಯೇ ಬಂತು. ಬಿನೋಯ್ ಮನೆಯೊಳಗೆ ಇರುವಾಗ ಮಾತ್ರ ಆ ಸ್ವಿಚ್ಚು ಹಾಕುತ್ತಿದ್ದ. ತೋಟಕ್ಕೆ ಇಳಿಯುವಾಗ, ರಬ್ಬರ್ ಹಾಲಿನ ಶೀಟ್ ಒತ್ತಲು ಮೆಷಿನ್ ಶೆಡ್ಡಿಗೆ ಹೋಗುವಾಗ, ಮೋಡ ಇಲ್ಲದ ದಿನವೂ, ಬಾಗಿಲು ದಾಟುತ್ತ ಕೈ ತಾನಾಗಿ ಅದನ್ನು ಆಫ್ ಮಾಡುತ್ತಿತ್ತು. ಸೋಣಿಯಾ ಬೆಳಿಗ್ಗೆಯೇ ಪೇಟೆಯ ಟೈಲರ್ ಅಂಗಡಿಗೆ ಹೋದರೆ ಬರುವಾಗ ಸಂಜೆ. ಅಪ್ಪ ಶೆಡ್ಡಿನಲ್ಲಿದ್ದರೆ ಕೂಗಿದ್ದು ಕೇಳಿಸುವುದಿಲ್ಲ, ಮೊಬೈಲಿನಲ್ಲೇ ಕರೆಯಬೇಕು. ಚಾರ್ಜು ಇಳಿಯುತ್ತಿದ್ದರೂ ಜಿನು ಕರೆಯಲಿಲ್ಲ. ಗೋಡೆಯಲ್ಲಿ ಎಲ್ಲ ಇದೆ, ಕೈಯಲ್ಲಿ ಕೇಬಲ್ ಇದೆ, ಆದರೂ ಸ್ವಿಚ್ಚು ಹಾಕಲು ಅಪ್ಪ ತೋಟದಿಂದ ಹತ್ತಿ ಬರಬೇಕು ಎಂದರೆ ಅದು ಮೊದಲಿಗಿಂತ ಹೆಚ್ಚಿನ ಅವಮಾನ. ಬಿನೋಯ್ ಬಂದು ಚಾರ್ಜ್ ಉಂಟಾ ಎಂದು ಕೇಳಿದರೆ, ಉಂಟು ಎನ್ನುತ್ತಿದ್ದ. ಅಪ್ಪ ನಂಬುತ್ತಿದ್ದ. ಹೆತ್ತವರಿಗೆ ನಂಬುವುದು ಸುಲಭವಾಗಿರುವ ಮಾತುಗಳು ಕೆಲವು ಇರುತ್ತವೆ.

ಮೇ ತಿಂಗಳ ಒಂದು ದಿನ ಬೆಳಿಗ್ಗೆ ಹತ್ತಕ್ಕೇ ಮೋಡ ಕವಿಯಿತು. ಬಿನೋಯ್ ಓಡಿ ಬಂದು ಪ್ಲಗ್ ಕಿತ್ತು, ಮೈನ್ ಇಳಿಸಿ, ಮಗನನ್ನು ಒಮ್ಮೆ ನೋಡಿ ಶೆಡ್ಡಿಗೆ ಹೋದ. ರಬ್ಬರ್ ಹಾಲು ಗಟ್ಟಿಯಾಗಿತ್ತು, ಶೀಟ್ ಒತ್ತದೆ ಬಿಡುವ ಹಾಗಿರಲಿಲ್ಲ. ಸಿಡಿಲು ಬರಲಿಲ್ಲ. ಮೋಡ ಚದುರಿ ಬಿಸಿಲು ಬಂತು. ಅವನು ಕೆಲಸದಲ್ಲಿ ಮುಳುಗಿ ಮೈನ್ ಎತ್ತಲು ಮರೆತ. ಮಧ್ಯಾಹ್ನ ಪಂಕಜಾಕ್ಷಿ ಬಂದು ಗಂಜಿ ಕುಡಿಸಿ ಹೋಗುತ್ತಾಳಲ್ಲ ಎಂಬ ಧೈರ್ಯ ಬೇರೆ. ಪಂಕಜಾಕ್ಷಿ ಆ ದಿನ ಪುತ್ತೂರಿಗೆ ಹೋಗಿದ್ದಳು.

ಸಂಜೆ ಬಿನೋಯ್ ಬಂದಾಗ ಜಿನುವಿನ ಒಂದು ಕಾಲು ಇನ್ನೊಂದರ ಅಡಿಗೆ ಮಡಚಿ ಸಿಕ್ಕಿಕೊಂಡಿತ್ತು. ಬೆಳಿಗ್ಗೆ ಕೆಮ್ಮುವಾಗ ಜಾರಿದ್ದಂತೆ. ಪಾದ ನೀಲಿಗಟ್ಟಿತ್ತು. ತುಟಿ ಒಡೆದಿತ್ತು. ಮೊಬೈಲು ಸತ್ತು ಎದೆಯ ಮೇಲೆ ಬಿದ್ದಿತ್ತು, ಅದರ ಬುಡಕ್ಕೆ ಕೇಬಲು ಅಂಟಿಕೊಂಡೇ ಇತ್ತು.

ಬಿನೋಯ್ ಕಾಲು ಬಿಡಿಸಿ, ನೀರು ಕುಡಿಸಿ, ಪಾದ ತಿಕ್ಕುತ್ತ ಕೂತ. ಪಾದಕ್ಕೆ ಬಣ್ಣ ತಿರುಗಿ ಬಂದ ಮೇಲೆ ಜಿನು ಕೇಳಿದ.

"ಪಪ್ಪಾ, ಆ ಸ್ವಿಚ್ ಒಂದು ಆನ್ ಇಡ್ತೀರಾ? ಯಾವಾಗಲೂ."

"ಸಿಡಿಲು ಮೋನೇ..."

"ಸಿಡಿಲು ಬಂದ್ರೆ ನಾನು ಕೇಬಲ್ ಮುಟ್ಟುದಿಲ್ಲ. ನನಗೂ ಕಿವಿ ಕೇಳ್ತದೆ. ಜೋಬಿನ್ ಚಿಕ್ಕಪ್ಪನ ಹಾಗೆ ನನ್ನನ್ನು ಯಾರೂ ಕಳಿಸ್ಲಿಕ್ಕೆ ಇಲ್ಲ."

ಚುಚ್ಚಬೇಕೆಂದು ಹೇಳಿದ ಮಾತಲ್ಲ. ಆದರೂ ಅದು ಚುಚ್ಚಬೇಕಾದ ಜಾಗಕ್ಕೇ ಹೋಗಿ ಚುಚ್ಚಿತು. ಬಿನೋಯ್ ಮೈನ್ ಎತ್ತಿದ, ಕೋಣೆಯ ಬಾಗಿಲಿಗೆ ಬಂದ, ಸ್ವಿಚ್ಚು ಹಾಕಿದ. ಆ ರಾತ್ರಿ ಅದು ಹಾಗೆಯೇ ಇತ್ತು. ಮರುದಿನ ಮಧ್ಯಾಹ್ನ ಘಟ್ಟದ ಕಡೆ ಮತ್ತೆ ಕಪ್ಪಾಯಿತು. ಅವನು ಬಾಗಿಲಲ್ಲಿ ನಿಂತು ಮಗನನ್ನು ನೋಡಿದ, ಮಗ ಅವನನ್ನು ನೋಡಿದ.

"ಈ ಸಿಡಿಲಿನ ತಿಂಗಳು ಒಂದು ಕಳೀಲಿ," ಎಂದ ಬಿನೋಯ್. "ಮಳೆ ಹಿಡಿದ ಮೇಲೆ ಯಾವಾಗಲೂ ಆನ್ ಇಡುವ. ನಾನು ಮುಟ್ಟುದೇ ಇಲ್ಲ."

"ಆಯ್ತು ಪಪ್ಪಾ," ಎಂದ ಜಿನು.

ಬಿನೋಯ್‌ನ ಬೆರಳು ಸ್ವಿಚ್ಚನ್ನು ಆಫ್ ಮಾಡಿತು. ಇವನನ್ನು ಏನೆಂದು ಬೈಯುವುದು? ಬೈಯಲು ಹೋದರೆ ಜೋಬಿನ್ ಎದುರು ಬಂದು ನಿಲ್ಲುತ್ತಾನೆ. ಒಬ್ಬನನ್ನು ಕಳೆದುಕೊಂಡ ಕೈಗೆ ಇನ್ನೊಬ್ಬನನ್ನು ಹಿಡಿಯುವಾಗ ಹಿಡಿತದ ಅಂದಾಜು ಸಿಗುವುದಿಲ್ಲ.

ಜೂನಿನಲ್ಲಿ ಮಳೆ ಹಿಡಿಯಿತು. ಗುಡುಗಿಲ್ಲ, ಮಿಂಚಿಲ್ಲ, ಬರೇ ಮಳೆ. ಇನ್ನು ಎರಡು ದಿನ ನೋಡುವ ಎಂದು ಬಿನೋಯ್ ಅಂದುಕೊಂಡಿದ್ದಾಗಲೇ ಜಿನುವಿಗೆ ಶೀತವಾಯಿತು. ಶೀತ ಎದೆಗೆ ಇಳಿಯಿತು. ಕೆಮ್ಮಿ ಕಫ ಹೊರಹಾಕುವ ಬಲ ಅವನಿಗೆಲ್ಲಿ? ಪುತ್ತೂರಿನ ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ಹಾಕಿ ಮಲಗಿಸಿದರು. ಬಿನೋಯ್ ವರಾಂಡದಲ್ಲಿ ಕೂತು, ಒಬ್ಬನನ್ನು ಕೊಟ್ಟಾಗಿದೆ, ಇವನನ್ನು ಬಿಟ್ಟುಬಿಡು ಎಂದು ದೇವರಲ್ಲಿ ಬೇಡಿದ. ದೇವರು ಬಿಟ್ಟ. ಡಾಕ್ಟರು ಮಾತ್ರ ಮನೆಗೆ ಕಳಿಸುವಾಗ, ಜ್ವರ ಹೋಗುವಾಗ ಇದ್ದ ಬಲವನ್ನೂ ಸ್ವಲ್ಪ ತೆಗೆದುಕೊಂಡು ಹೋಗುತ್ತದೆ, ಅದು ತಿರುಗಿ ಬರುವುದಿಲ್ಲ ಎಂದಿದ್ದರು. ಮಗ ಉಳಿದ ಸಂತೋಷದಲ್ಲಿ ಆ ಮಾತು ಬಿನೋಯ್‌ನ ಕಿವಿಗೆ ಬಿದ್ದು ಮನಸ್ಸಿಗೆ ಬಿದ್ದಿರಲಿಲ್ಲ.

ಮನೆಗೆ ಬಂದದ್ದೇ, ಚೀಲ ಕೆಳಗಿಡುವ ಮೊದಲೇ ಬಿನೋಯ್ ಕೋಣೆಯ ಸ್ವಿಚ್ಚು ಹಾಕಿದ. ಸುಹೈಬ್ ಬಿಟ್ಟುಹೋಗಿದ್ದ ಕಪ್ಪು ಟೇಪಿನಲ್ಲಿ ಒಂದು ತುಂಡು ಹರಿದು, ಯಾರೂ ಒತ್ತದಂತೆ ಅದರ ಮೇಲೆ ಅಂಟಿಸಿದ. ತನ್ನ ಕೈಯನ್ನೇ ತಾನು ನಂಬದವನು ಹಾಗೆ ಮಾಡಬೇಕಾಯಿತು. ಸಾಕೆಟಿನ ಸಣ್ಣ ದೀಪ ಹತ್ತಿಕೊಂಡಿತು. ಮೊಬೈಲನ್ನು ಮಗನ ಎದೆಯ ಮೇಲಿಟ್ಟು, ಕೇಬಲನ್ನು ಬೆರಳಿಗೆ ತಾಗುವಷ್ಟು ಹತ್ತಿರ ಎಳೆದುಕೊಟ್ಟ.

"ಹಾಕು ಮೋನೇ. ಇನ್ನು ಯಾರೂ ಆಫ್ ಮಾಡುದಿಲ್ಲ."

ಜಿನು ಬೆರಳು ಚಾಚಿದ. ಕೇಬಲು ಬೆರಳಿಗೆ ತಾಗಿತು, ಬೆರಳಿನ ಹಿಂದೆ ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದ. ಹಣೆಯಲ್ಲಿ ಬೆವರು ಮೂಡಿತು. ಮೂರನೆಯ ಸಲ ಬೆರಳು ಹೊದಿಕೆಯ ಮೇಲೆ ಸ್ವಲ್ಪ ಮಿಸುಕಿ ಹಾಗೆಯೇ ನಿಂತಿತು. ಬಿನೋಯ್‌ಗೆ ಎದ್ದು ಸಹಾಯ ಮಾಡಬೇಕೋ, ನೋಡದವನಂತೆ ಹೊರಗೆ ಹೋಗಬೇಕೋ ತಿಳಿಯಲಿಲ್ಲ. ಏಪ್ರಿಲಿನಲ್ಲಿ ಈ ಬೆರಳಿಗೆ ಬಲವಿತ್ತು. ಮೇಯಲ್ಲೂ ಇತ್ತು. ಅದು ಇದ್ದಷ್ಟು ದಿನ ಸ್ವಿಚ್ಚು ತನ್ನ ಕೈಯಲ್ಲಿತ್ತು.

"ಪಪ್ಪಾ, ನೀವೇ ಹಾಕಿಬಿಡಿ," ಎಂದ ಜಿನು.

ಬಿನೋಯ್ ಹಾಕಿದ.

"ಸ್ವಲ್ಪ ನೀರು ಬೇಕು. ಮತ್ತೆ ಈ ಮೂಗು ತುರಿಸ್ತಾ ಉಂಟು."

ಬಿನೋಯ್ ನೀರು ಕುಡಿಸಿದ, ಮೂಗು ತುರಿಸಿದ. ದಿಂಬು ಸರಿಮಾಡಿ ಎಂದ ಜಿನು, ಅಪ್ಪ ಅದನ್ನೂ ಮಾಡಿದ. ಆಮೇಲೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ, ಆದರೂ ಶೆಡ್ಡಿಗೆ ಹೋಗಿ ಬಾಗಿಲು ಹಾಕಿಕೊಂಡ. ಹುಡುಕಿಕೊಂಡು ಬಂದ ಸೋಣಿಯಾಗೆ ಅವನು ಗೋಡೆಗೆ ಹಣೆಯಿಟ್ಟು ಅಳುತ್ತಿರುವುದು ಕಂಡಿತು. ಮಗ ನೀರು ಕೇಳಿ ಕುಡಿದ ಎಂದಷ್ಟೇ ಅವನಿಗೆ ಹೇಳಲು ಆದದ್ದು. ಹುಟ್ಟಿದಾಗಿನಿಂದ ಯಾರನ್ನೂ ಕರೆಯಲು ಸಂಕೋಚಪಟ್ಟ ಹುಡುಗ ಇವತ್ತು ಒಂದರ ಮೇಲೊಂದು ಕೇಳಿದ್ದ, ನಗುತ್ತಲೇ ಕೇಳಿದ್ದ. ತಾನೇ ಮಾಡಿಕೊಳ್ಳುತ್ತೇನೆ ಎಂಬ ಆಸೆ ಒಂದು ಚೂರಾದರೂ ಉಳಿದಿದ್ದರೆ ಅವನು ಹಾಗೆ ಕೇಳುತ್ತಿರಲಿಲ್ಲ ಎಂದು ಬಿನೋಯ್‌ಗೆ ಗೊತ್ತಿತ್ತು.