ತಾಯಿಯ ಬಾಯಲ್ಲಿ ಉಳಿದ ಹೆಸರು

ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯೊಂದರ ಹಿಂಭಾಗದಲ್ಲಿ, ಉಗಿಗೆ ಸದಾ ಬೆವರುವ ಗೋಡೆಯ ಪಕ್ಕ ಅವಳ ಹೊಲಿಗೆ ಯಂತ್ರವಿತ್ತು. ಹೊಸ ಬಟ್ಟೆ ಹೊಲಿಯುವ ಕೆಲಸ ಅವಳದಲ್ಲ. ಉದ್ದವಾದ ಪ್ಯಾಂಟನ್ನು ಗಿಡ್ಡ ಮಾಡುವುದು, ಬಿಗಿಯಾದ ಸೊಂಟ ಬಿಡಿಸುವುದು, ಹರಿದ ಕಾಜಾ ಸರಿಮಾಡುವುದು, ಎಲ್ಲಕ್ಕಿಂತ ಹೆಚ್ಚಾಗಿ ಕೆಟ್ಟ ಜಿಪ್ಪು ಕಿತ್ತು ಹೊಸದು ಕೂರಿಸುವುದು. ಹೀಗಾಗಿ ಅಂಗಡಿಯಲ್ಲೂ ಬೀದಿಯಲ್ಲೂ ಅವಳು ಜಿಪ್ಪಕ್ಕ. ಆ ಅಡ್ಡಹೆಸರು ಬಂದ ಮೇಲೆ ಅವಳಿಗೆ ಒಂದು ರೀತಿ ನೆಮ್ಮದಿಯೇ ಆಗಿತ್ತು. ಏಕೆಂದರೆ ಅವಳ ಸ್ವಂತ ಹೆಸರು ಯಾರ ನಾಲಗೆಗೂ ಸಲೀಸಾಗಿ ಹತ್ತುತ್ತಿರಲಿಲ್ಲ.

ಅವಳ ಹೆಸರು ನೇರಿಲೆ.

ಶಾಲೆಯ ಮೊದಲ ದಿನವೇ ಮೇಷ್ಟ್ರು ಹಾಜರಿ ಕರೆಯುತ್ತಾ ಅಲ್ಲಿಗೆ ಬಂದು ನಿಂತರು. ಬರೆದವರು ತಪ್ಪಿದ್ದಾರೆ ಎಂದುಕೊಂಡು 'ನೇರಳೆ' ಎಂದು ಕೂಗಿದರು. ಅಂದಿನಿಂದ ಹುಡುಗಿಯರು, ಅವಳ ಪಕ್ಕ ಕೂತರೆ ಲಂಗಕ್ಕೆ ಕಲೆಯಾಗುತ್ತದೆ ಎಂದು ಸರಿದು ಕೂರುವ ಆಟ ಕಟ್ಟಿದರು. ಸ್ವಲ್ಪ ದೊಡ್ಡವಳಾದಾಗ ಬೀದಿಯ ಹುಡುಗರಿಗೆ ಹೆಸರನ್ನು ಒಡೆಯುವುದು ಗೊತ್ತಾಯಿತು. 'ನೇರ ಇಲ್ಲೇ ಬಾ' ಎಂದು ಗೋಡೆಯ ಮೇಲೆ ಕೂತು ಕರೆಯುತ್ತಿದ್ದರು. ಅಳುತ್ತಾ ಮನೆಗೆ ಬಂದು, ಎಲ್ಲರ ಹೆಸರಿಗೂ ಒಂದು ಅರ್ಥವಿದೆ, ನನ್ನದಕ್ಕೇನು ಎಂದು ಕೇಳಿದರೆ ತಾಯಿ ಹೆಣಿಗೆಯ ಕಡ್ಡಿಗಳಿಂದ ತಲೆ ಎತ್ತುತ್ತಿರಲಿಲ್ಲ. "ದೊಡ್ಡವಳಾಗು, ಹೇಳ್ತೀನಿ," ಅನ್ನುತ್ತಿದ್ದಳು.

ಮಗಳು ದೊಡ್ಡವಳಾದಳು, ಮತ್ತೆ ಕೇಳಲಿಲ್ಲ. ತಂದೆ ತೀರಿಕೊಂಡರು. ತಾಯಿ ಸ್ವೆಟರ್ ಹೆಣೆಯುತ್ತಾ, ಮಗಳು ಜಿಪ್ಪು ಕೂರಿಸುತ್ತಾ, ಎರಡು ಕೋಣೆಯ ಆ ಮನೆಯಲ್ಲಿ ಇಬ್ಬರ ಬದುಕೂ ಒಂದು ಲಯಕ್ಕೆ ಬಿದ್ದಿತ್ತು. ತಾಯಿ ಮಾತಿನಮಲ್ಲಿ. ಮಗಳು ಹುಟ್ಟುವ ಮುಂಚೆ ಟೆಲಿಫೋನ್ ಕಚೇರಿಯಲ್ಲಿ ದೂರದ ಊರುಗಳಿಗೆ ಕರೆ ಜೋಡಿಸುವ ಕೆಲಸ ಮಾಡಿದ್ದವಳು. ತರಕಾರಿಯವನ ಜೊತೆ ಚೌಕಾಸಿ ಮಾಡಿದರೂ ಒಂದೊಂದು ಅಕ್ಷರ ಬಿಡಿಸಿಟ್ಟ ಹಾಗಿರುತ್ತಿತ್ತು. ಹೆಸರಿನ ವಿಷಯ ಯಾವತ್ತಾದರೂ ಕೇಳಿದರಾಯಿತು, ಎಲ್ಲಿ ಹೋಗುತ್ತಾಳೆ ಎನ್ನುವ ಧೈರ್ಯ ಮಗಳಿಗೆ.

ಒಂದು ಮಧ್ಯಾಹ್ನ ಅಂಗಡಿಗೆ ಫೋನು ಬಂತು. ತಾಯಿ ಅಡುಗೆಮನೆಯಲ್ಲಿ ಬಿದ್ದಿದ್ದಳು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಆಸ್ಪತ್ರೆಯಲ್ಲಿ ಕೆಲವು ದಿನ ಕಣ್ಣು ಬಿಡುವುದು, ಮುಚ್ಚುವುದು ಅಷ್ಟೇ ನಡೆಯಿತು. ಆಮೇಲೊಂದು ಬೆಳಿಗ್ಗೆ, ಮಗಳು ಒದ್ದೆ ಬಟ್ಟೆಯಿಂದ ಮುಖ ಒರೆಸುತ್ತಿದ್ದಾಗ ತಾಯಿ ಬಾಯಿ ತೆರೆದು ಸ್ಪಷ್ಟವಾಗಿ ಅಂದಳು: "ನೇರಿಲೆ."

ಮಗಳಿಗೆ ಹೋದ ಜೀವ ಬಂದಂತಾಯಿತು. "ಇಲ್ಲೇ ಇದ್ದೀನಿ ಕಣಮ್ಮ," ಎಂದು ಕೈ ಹಿಡಿದುಕೊಂಡಳು. ವಾರ್ಡಿನ ನರ್ಸು ಕೂಡ ಕಣ್ಣೊರೆಸಿಕೊಂಡಳು. ಆದರೆ ಸಂಜೆಯ ಹೊತ್ತಿಗೆ ತಾಯಿ ನೀರಿನ ಲೋಟ ನೋಡಿ ನೇರಿಲೆ ಎಂದಳು. ಕಿಟಕಿ ನೋಡಿ ನೇರಿಲೆ ಎಂದಳು. ರಕ್ತ ತೆಗೆಯಲು ಬಂದವನನ್ನು ಬೈಯುವ ದನಿಯಲ್ಲಿ ಉದ್ದಕ್ಕೆ ಅದೇ ಪದವನ್ನು ಮೇಲೆ ಕೆಳಗೆ ಮಾಡಿ ಹೇಳಿದಳು.

ಮಾತಿನ ಚಿಕಿತ್ಸೆಗೆ ಬಂದ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವಳು. ವಿಷಯವನ್ನು ಮುಚ್ಚಿಡದೆ ಹೇಳಿದಳು.

"ಮಾತೆಲ್ಲ ಹೋಗಿ ಕೆಲವರಿಗೆ ಒಂದೇ ಒಂದು ಪದ ಉಳ್ಕೊಳ್ಳುತ್ತೆ. ಏನು ಹೇಳೋಕೆ ಹೋದ್ರೂ ಅದೇ ಬರುತ್ತೆ. ಅವರ ಮನಸ್ಸಲ್ಲಿ ಪೂರ್ತಿ ಮಾತು ಆಡ್ತಿದ್ದೀನಿ ಅಂತಾನೇ ಇರಬಹುದು."

"ಮತ್ತೆ ನನ್ನ ಕರೀತಿದ್ದಾಳೋ ಇಲ್ವೋ ಅಂತ ನನಗೆ ಹೇಗೆ ಗೊತ್ತಾಗೋದು ಡಾಕ್ಟ್ರೇ?"

ಗೊತ್ತಾಗುವುದಿಲ್ಲ ಎಂದಳು ಡಾಕ್ಟರು.

ಮನೆಗೆ ಕರೆತಂದ ಮೇಲೆ ದಿನಚರಿಯೇ ಊಹೆಯಾಯಿತು. ಡಾಕ್ಟರು ಕೊಟ್ಟ ಚಿತ್ರಗಳ ರಟ್ಟನ್ನು ತೋರಿಸಿದರೆ ತಾಯಿ ಎಡಗೈಯಿಂದ ತಳ್ಳುತ್ತಿದ್ದಳು. ಹೌದೋ ಅಲ್ಲವೋ ತಲೆ ಆಡಿಸಮ್ಮ ಎಂದರೆ ಎರಡಕ್ಕೂ ಒಂದೇ ಥರ ಆಡಿಸುತ್ತಿದ್ದಳು. ನೀರೇ? ದಿಂಬೇ? ಕಾಲು ನೋವೇ? ಬಾತ್‌ರೂಮಿಗೆ ಹೋಗಬೇಕೇ? ಸಾಲಾಗಿ ಎಲ್ಲವನ್ನೂ ಮಾಡಿ ನೋಡಬೇಕು, ಯಾವುದೋ ಒಂದಕ್ಕೆ ದನಿ ತಗ್ಗಿದರೆ ಅದೇ ಇರಬೇಕೆಂದು ತಿಳಿಯಬೇಕು. ಅಂಗಡಿಯವನು ಒಳ್ಳೆಯವನು, ಬಟ್ಟೆಗಳನ್ನು ಮನೆಗೇ ಕಳಿಸುತ್ತಿದ್ದ. ಜಿಪ್ಪಕ್ಕ ಮಂಚದ ಪಕ್ಕ ಯಂತ್ರ ಇಟ್ಟುಕೊಂಡಳು. ಪ್ಯಾಂಟಿನ ಒಂದು ಕಾಲಿನ ಹೊಲಿಗೆ ಮುಗಿಯುವಷ್ಟರಲ್ಲಿ ಹಲವು ಸಲ ಅವಳ ಹೆಸರು ಕೇಳಿಸುತ್ತಿತ್ತು. ಬದುಕಿನಲ್ಲಿ ಯಾರೂ ಅಷ್ಟು ಕರೆಯದ ಹೆಸರು.

ಒಮ್ಮೆ ತಾಯಿ ಊಟ ಬಿಟ್ಟಳು. ಚಮಚ ಹತ್ತಿರ ತಂದರೆ ಮುಖ ತಿರುಗಿಸಿ ನೇರಿಲೆ, ನೇರಿಲೆ ಎಂದು ನರಳುವಳು. ಅನ್ನ ಸೇರಲಿಲ್ಲವೇನೋ ಎಂದು ಮಗಳು ಗಂಜಿ ಮಾಡಿದಳು, ಗಂಜಿ ಬೇಡವಾಯಿತೆಂದು ಹಣ್ಣು ಹಿಸುಕಿದಳು. ಹಟ ಎಂದುಕೊಂಡು ಒಂದು ಸಲ ಗದರಿಸಿದಳು ಕೂಡ. ಕೊನೆಗೆ ಕೆನ್ನೆ ಊದಿಕೊಂಡಾಗ ಹೊತ್ತುಕೊಂಡು ಆಸ್ಪತ್ರೆಗೆ ಓಡಿದಳು. ದವಡೆಯ ಹಲ್ಲಿನ ಬುಡದಲ್ಲಿ ಕೀವು ಕಟ್ಟಿತ್ತು. ಹಲ್ಲಿನ ಡಾಕ್ಟರು ಬೇಸರದಿಂದ, ಇಷ್ಟಾಗೋವರೆಗೂ ಇವರು ಏನೂ ಹೇಳಲಿಲ್ಲವಾ ಎಂದು ಕೇಳಿದ.

"ಹೇಳಿದ್ಲು," ಅಂದಳು ಮಗಳು. "ದಿನಾ ಹೇಳಿದ್ಲು. ನಂಗೇ ತಿಳೀಲಿಲ್ಲ."

ಆ ಕಟ್ಟಡದಲ್ಲಿ ಗೋಡೆಗಳು ತೆಳು. ಕೆಳಗಿನ ಮನೆಯ ಸೊಸೆ ತುಂಬು ಬಸುರಿ, ಮಂಚದ ಮೇಲೆ ಮಲಗಿ ದಿನವಿಡೀ ಮೇಲಿನಿಂದ ಬರುವ ಆ ಪದ ಕೇಳುತ್ತಿದ್ದಳು. ಹೆಣ್ಣುಮಗು ಹುಟ್ಟಿದ ಮೇಲೆ ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ ಬಂದಳು. ಈ ಹೆಸರು ಕಿವಿಯಲ್ಲೇ ಕೂತುಬಿಟ್ಟಿದೆ, ಇಟ್ಟುಕೊಳ್ಳಬಹುದೇ ಎಂದು ಕೇಳಿದಳು. ಬೇಡ ಎನ್ನಲು ಜಿಪ್ಪಕ್ಕನಿಗೆ ಕಾರಣ ಹೊಳೆಯಲಿಲ್ಲ. ಹೆಸರೇನು ಯಾರಪ್ಪನ ಮನೆಯ ಸ್ವತ್ತೇ?

"ಅರ್ಥ ಏನು ಅಕ್ಕ?"

"ನಂಗೊತ್ತಿಲ್ಲಮ್ಮ."

ಸೊಸೆ ನಂಬಲಿಲ್ಲ. ಅವಳ ಗಂಡ ಫೋನಿನಲ್ಲಿ ಹುಡುಕಿದ. ಒಂದು ಕಡೆ, ಅದು ಗಂಡುಮಗುವಿನ ಹೆಸರು, ಅರ್ಥ 'ಸಮುದ್ರದ ಒಡೆಯ' ಎಂದಿತ್ತು. ಇನ್ನೊಂದು ಕಡೆ 'ಬೆಳಗಿನ ಮೊದಲ ಗಾಳಿ', ಅದೃಷ್ಟದ ಬಣ್ಣ ಹಸಿರು. ಸಮುದ್ರಕ್ಕಿಂತ ಗಾಳಿ ಹಗುರ ಎಂದು ಅವರು ಅದನ್ನೇ ಆರಿಸಿಕೊಂಡರು. ಸ್ವಲ್ಪ ದಿನಕ್ಕೆ ಹಾಲಿನ ಅಂಗಡಿಯವನ ಮೊಮ್ಮಗಳಿಗೂ ಅದೇ ಹೆಸರಾಯಿತು, ಮೂಲೆಯ ಔಷಧಿ ಅಂಗಡಿಯಲ್ಲಿ ಯಾರೋ ಇನ್ನೊಬ್ಬರು ತಮ್ಮ ಮಗುವಿಗೆಂದು ಅದನ್ನು ಚೀಟಿಯಲ್ಲಿ ಬರೆಸಿಕೊಂಡು ಹೋದರು. ಜಿಪ್ಪು ಹಾಕಿಸಿಕೊಳ್ಳಲು ಬಂದ ಹೆಂಗಸೊಬ್ಬಳು ಜಿಪ್ಪಕ್ಕನಿಗೇ ತಿಳಿಹೇಳಿದಳು, ಈಗ ನೇರಿಲೆ ಅಂತ ಹೊಸ ಹೆಸರು ಬಂದಿದೆ, ಬೆಳಗಿನ ಗಾಳಿ ಅಂತ ಅರ್ಥವಂತೆ. ಜಿಪ್ಪಕ್ಕ ದಾರ ಕಡಿದು, ಚೆನ್ನಾಗಿದೆ ಎಂದಳು.

ಚೆನ್ನಾಗಿದೆ ಎಂದರೂ ಒಳಗೆ ಏನೋ ಕಚ್ಚುತ್ತಿತ್ತು. ಬೀದಿಯವರಿಗೆಲ್ಲ ಅರ್ಥ ಗೊತ್ತಿದೆ, ತನಗೆ ಮಾತ್ರ ಇಲ್ಲ. ಗೊತ್ತಿದ್ದವಳು ಕಣ್ಣೆದುರೇ ಮಲಗಿದ್ದಾಳೆ, ಬಾಯಿ ಬಿಟ್ಟರೆ ಪ್ರಶ್ನೆಯೇ ಉತ್ತರವಾಗಿ ಬರುತ್ತದೆ.

ಅಕ್ಕನನ್ನು ನೋಡಲು ಬಂದ ಚಿಕ್ಕಮ್ಮನನ್ನು ಅವಳು ಕೇಳಿದಳು. ಚಿಕ್ಕಮ್ಮ ಯೋಚಿಸಿ, ದನಿ ತಗ್ಗಿಸಿ ಹೇಳಿದಳು: ಟೆಲಿಫೋನ್ ಕಚೇರಿಯಲ್ಲಿದ್ದಾಗ ಅಕ್ಕನಿಗೆ ದೂರದ ಊರಿನಲ್ಲಿ ಒಬ್ಬ ಗೆಳತಿಯಿದ್ದಳು, ಅವಳೂ ಅದೇ ಕೆಲಸದವಳು. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ, ದಿನಾ ಕರೆ ಜೋಡಿಸುವಾಗ ಎರಡು ಮಾತು ಆಡುತ್ತಿದ್ದರು. ಅಕ್ಕನಿಗೆ ಅವಳೆಂದರೆ ಪ್ರಾಣ. ನೇರಿಲೆ ಅವಳ ಹೆಸರೇ ಇರಬೇಕು.

ಜಿಪ್ಪಕ್ಕ ಆ ದಿನ ಹೊಲಿಗೆಗೆ ಕೂರಲಿಲ್ಲ. ತಾಯಿಯ ಎದುರು ಕುರ್ಚಿ ಎಳೆದುಕೊಂಡು, ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು.

"ಅಮ್ಮ, ನೀನು ಕರೀತಿರೋದು ನನ್ನನ್ನಾ? ಆ ನಿನ್ನ ಗೆಳತೀನಾ?"

ತಾಯಿ ಅವಳನ್ನು ನೋಡಿದಳು. ಎಡಗೈ ಎತ್ತಿ ಮಗಳ ತೋಳು ಹಿಡಿದು, ತುಂಬ ಹೊತ್ತು ಏನನ್ನೋ ಬಿಡಿಸಿ ಬಿಡಿಸಿ ಹೇಳಿದಳು. ಕತೆ ಹೇಳುವವರ ಏರಿಳಿತ, ನಡುವೆ ಒಂದು ನಿಲುಗಡೆ, ಕೊನೆಗೆ ಸಣ್ಣ ನಗು ಕೂಡ. ಅಷ್ಟುದ್ದಕ್ಕೂ ಇದ್ದದ್ದು ಒಂದೇ ಪದ. ಹೇಳಿ ಮುಗಿಸಿದವಳ ಹಾಗೆ ತಾಯಿ ದಿಂಬಿಗೆ ಒರಗಿದಳು. ಇವಳು ಮುಖ ಮುಚ್ಚಿಕೊಂಡಳು.

ಚಿಕ್ಕಮ್ಮನಿಗೆ ಅದನ್ನು ನೋಡಲಾಗಲಿಲ್ಲ. ಆ ಕಚೇರಿಯಲ್ಲಿ ಮೇಲ್ವಿಚಾರಕಿಯಾಗಿದ್ದ ಹೆಂಗಸು ಇನ್ನೂ ಬದುಕಿದ್ದಾಳೆಂದು ಯಾರಿಂದಲೋ ತಿಳಿದುಕೊಂಡು, ನಾನು ಇಲ್ಲಿರ್ತೀನಿ ಹೋಗಿ ಬಾ ಎಂದು ಕಳಿಸಿದಳು. ಬಸ್ಸು ತಿರುಗುವ ಕೊನೆಯ ನಿಲ್ದಾಣದ ಹತ್ತಿರದ ಮನೆ. ಮೇಲ್ವಿಚಾರಕಿಗೆ ಎಡಗಿವಿ ಪೂರ್ತಿ ಮಂದ. ಹೋದವಳನ್ನು ಬಲಗಡೆ ಕೂರಿಸಿಕೊಂಡಳು. ಯಾರ ಮಗಳೆಂದು ತಿಳಿಸಿ ತನ್ನ ಹೆಸರು ಹೇಳಿದ ತಕ್ಷಣ ಆಕೆಯ ಮುಖ ಅರಳಿತು.

"ಓ, ಇಟ್ಲಾ ಕೊನೆಗೂ," ಎಂದಳು. "ಇಡ್ತೀನಿ ಅಂದಿದ್ಲು. ನಾನು ತಮಾಷೆ ಅಂದ್ಕೊಂಡಿದ್ದೆ."

ಆಮೇಲೆ ಬಿಡಿಸಿ ಹೇಳಿದಳು. ಲೈನಿನಲ್ಲಿ ಹುಡುಗಿಯರು ಸ್ವಂತ ಹೆಸರು ಹೇಳುವಂತಿರಲಿಲ್ಲ, ಹೇಳಿದರೆ ಗಂಡಸರ ಕಾಟ. ಅದಕ್ಕೆ ಒಬ್ಬೊಬ್ಬರಿಗೂ ಒಂದೊಂದು ಲೈನ್ ಹೆಸರು. ಕರೆ ಎತ್ತಿದೊಡನೆ ಮೊದಲು ಆ ಹೆಸರು ಹೇಳಿ, ಆಮೇಲೆ ಯಾವ ನಂಬರು ಬೇಕೆಂದು ಕೇಳಬೇಕು.

"ಹಾಗಾದ್ರೆ ಆ ಊರಿನ ಗೆಳತಿ ಹೆಸರಲ್ವಾ ಅದು?"

"ಅವಳದೇನೋ ಬೇರೆ. ನೇರಿಲೆ ನಿಮ್ಮಮ್ಮಂದೇ ಕಣಮ್ಮ. ಅವಳೇ ಕಟ್ಟಿದ್ದು."

"ಅರ್ಥ?"

"ಅರ್ಥ ಯಾರಿಗೆ ಬೇಕಿತ್ತು? ಗರಗರ ಅನ್ನೋ ಲೈನಲ್ಲೂ ಕಿವಿಗೆ ಬೀಳ್ಬೇಕು. ಬೇರೆ ಯಾರ ಹೆಸರಿನ ಜೊತೇನೂ ಕಲೆತು ಹೋಗ್ಬಾರ್ದು. ಊಟದ ಹೊತ್ತಲ್ಲಿ ಬಾಯಲ್ಲಿ ಆಡ್ಸಿ ಆಡ್ಸಿ ನೋಡಿ ಅದನ್ನ ಇಟ್ಕೊಂಡ್ಲು. ನೀನು ಹೊಟ್ಟೇಲಿದ್ದಾಗ ನಿಮ್ಮಪ್ಪನ ಮನೆಯವರು ಕೆಲಸ ಬಿಡ್ಸಿದ್ರಲ್ಲ, ಅವತ್ತು ಹೆಡ್‌ಫೋನ್ ಕೆಳಗಿಟ್ಟು ಅಂದ್ಲು, ಇನ್ನು ಈ ಹೆಸರು ಯಾರೂ ಹೇಳೋದಿಲ್ಲ, ಮಗು ಹೆಣ್ಣಾದ್ರೆ ಅದಕ್ಕೇ ಕೊಟ್ಟುಬಿಡ್ತೀನಿ ಅಂತ."

ಹಿಂತಿರುಗುವ ಬಸ್ಸಿನಲ್ಲಿ ಜಿಪ್ಪಕ್ಕನಿಗೆ ಕೂರಲು ಜಾಗ ಸಿಕ್ಕಿತ್ತು, ಆದರೆ ಕೂತದ್ದೇ ನೆನಪಿರಲಿಲ್ಲ. ಇಷ್ಟು ವರ್ಷ ಹುಡುಕಿದ್ದು ಸಿಕ್ಕಿತ್ತು. ಸಿಕ್ಕಿ ಇನ್ನಷ್ಟು ಸಿಕ್ಕಾಗಿತ್ತು. ತಾಯಿ ನೇರಿಲೆ ಎಂದಾಗ ಮಗಳನ್ನು ಕರೆಯುತ್ತಿರಬಹುದು. ಅಥವಾ ಎಲ್ಲಿಂದಲೋ ಬಂದ ಕರೆಗೆ ತನ್ನದೇ ಹೆಸರು ಹೇಳಿ, ನಾನಿಲ್ಲಿದ್ದೇನೆ, ಏನು ಬೇಕು ಎಂದು ಕೇಳುತ್ತಿರಬಹುದು. ಅಥವಾ ಎರಡೂ ಅಲ್ಲದೆ, ಬಾಯಿಗೆ ಅಂಟಿಕೊಂಡ ಬರೀ ಸದ್ದು ಇರಬಹುದು. ಕೆಲಸ ಬಿಡಿಸಿದ ಸಂಕಟವನ್ನು ಈ ತಾಯಿ ಒಂದು ದಿನವೂ ಮನೆಯಲ್ಲಿ ಆಡಿರಲಿಲ್ಲ. ಆಡಬೇಕೆಂದು ಈಗ ಅನ್ನಿಸಿದ್ದರೂ ಆಡುವ ದಾರಿಯಿರಲಿಲ್ಲ.

ಮನೆಗೆ ಬಂದು ಮೇಲ್ವಿಚಾರಕಿ ಹೇಳಿದ್ದನ್ನೆಲ್ಲ ತಾಯಿಗೆ ಒಪ್ಪಿಸಿದಳು. ಲೈನ್ ಹೆಸರಿನ ವಿಷಯ ನನಗೆ ಗೊತ್ತಾಯಿತು ಎಂದಳು. ತಾಯಿ ಕೇಳಿಸಿಕೊಂಡಳೋ, ಅರ್ಥವಾಯಿತೋ, ಮುಖದಲ್ಲಿ ಏನೂ ಕಾಣಲಿಲ್ಲ. ಅಸಹನೆಯಿಂದ ಕೈ ಬೀಸಿ ನೇರಿಲೆ ಎಂದಳು. ನೋಡಿದರೆ ಹೊದಿಕೆ ಕಾಲಿಗೆ ಸುತ್ತಿಕೊಂಡಿತ್ತು.

ಅದಾದ ಮೇಲೆ ತಾಯಿ ಹೆಚ್ಚು ದಿನ ಉಳಿಯಲಿಲ್ಲ. ಎದೆಯಲ್ಲಿ ಕಫ ಕಟ್ಟಿತು, ಡಾಕ್ಟರು ಮನೆಯಲ್ಲೇ ಇಟ್ಟುಕೊಳ್ಳಿ ಎಂದರು. ಕೊನೆಯ ಬೆಳಿಗ್ಗೆ ಜಿಪ್ಪಕ್ಕ ಅವಳನ್ನು ಪಕ್ಕಕ್ಕೆ ಹೊರಳಿಸಿ, ಒದ್ದೆಯಾದ ಚಾದರ ಎಳೆಯುತ್ತಿದ್ದಳು. ತಾಯಿಯ ಬೆನ್ನು ಇವಳ ಕಡೆಗಿತ್ತು. ಗೋಡೆಯ ಕಡೆಗೆ ಮುಖ ಮಾಡಿದ್ದ ತಾಯಿ ಸಣ್ಣ ದನಿಯಲ್ಲಿ ಆ ಪದ ಹೇಳಿದಳು. ಇವಳು "ಒಂದು ನಿಮಿಷ ಇರಮ್ಮ," ಎಂದು ಚಾದರದ ತುದಿ ಸರಿಮಾಡಿದಳು. ಹೊರಳಿಸಿ ನೋಡಿದಾಗ ಉಸಿರು ನಿಂತಿತ್ತು.

ಬಂದವರೆಲ್ಲ ಕೊನೆಯ ಮಾತೇನೆಂದು ಕೇಳಿದರು. ಚಿಕ್ಕಮ್ಮನೇ ಎಲ್ಲರಿಗೂ ಹೇಳುತ್ತಿದ್ದಳು, ಕೊನೇ ಉಸಿರಿನಲ್ಲೂ ಮಗಳನ್ನೇ ಕರೆದಳು, ಪುಣ್ಯವಂತೆ ಇವಳು ಎಂದು. ಕೆಳಗಿನ ಮನೆಯ ಸೊಸೆ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ಅಳುತ್ತಾ ನಿಂತಿದ್ದಳು. ಜಿಪ್ಪಕ್ಕ ಯಾರ ಮಾತನ್ನೂ ತಿದ್ದಲಿಲ್ಲ, ಹೌದೆಂದೂ ಅನ್ನಲಿಲ್ಲ. ಆ ಹೊತ್ತಿಗೆ ತಾಯಿಗೆ ಏನೋ ಬೇಕಾಗಿತ್ತು. ಏನೆಂದು ಅವಳಿಗೆ ತಿಳಿಯಲೇ ಇಲ್ಲ.