ಚೌಕಾಸಿಯ ಪಾಠವನ್ನು ತಿದ್ದಿಕೊಂಡ ಸರಸಮ್ಮ ಮೇಡಂ

ಹಣವೆಂದರೆ ಫೋನಿನ ಪರದೆಯ ಮೇಲೆ ಮೂಡಿ ಮಾಯವಾಗುವ ಅಂಕಿಯೆಂದು ತಿಳಿದು ಬೆಳೆಯುತ್ತಿರುವ ಮಕ್ಕಳ ಅಂಗೈಯಲ್ಲಿ ನಾಣ್ಯವನ್ನಿಟ್ಟು, ಅದನ್ನು ಅಂಗಡಿಗೂ ಬಸ್ಸಿಗೂ ಅಂಚೆ ಕಚೇರಿಗೂ ಒಯ್ಯಿಸಿ ಲೆಕ್ಕ ಕಲಿಸಿದ ಪ್ರಾಥಮಿಕ ಶಾಲಾ ಶಿಕ್ಷಕರಲ್ಲಿ ಶ್ರೀಮತಿ ಸರಸಮ್ಮನವರ ಹೆಸರು ನಮ್ಮ ಜಿಲ್ಲೆಯಲ್ಲಿ ಗೌರವದಿಂದ ಕೇಳಿಬರುತ್ತದೆ. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಸೇವೆಗೆ ಸೇರಿದ ಹೊಸತರಲ್ಲಿ, ಶಾಲೆಗೆ ಬೇಕಾದ ಸೀಮೆಸುಣ್ಣ, ಅಡುಗೆಯ ಸೊಪ್ಪುಗಳನ್ನು ಮಕ್ಕಳಿಂದಲೇ ಕೊಳ್ಳಿಸಿ, ಉಳಿದ ಚಿಲ್ಲರೆಯನ್ನು ತರಗತಿಯ ಮುಂದೆ ಒಪ್ಪಿಸುವಂತೆ ಮಾಡುತ್ತಿದ್ದರಂತೆ. ಚನ್ನಪಟ್ಟಣದ ನಮ್ಮ ಶಾಲೆಗೆ ವರ್ಗವಾಗಿ ಬಂದ ಮೇಲೆ ವರ್ಷಕ್ಕೊಮ್ಮೆ ಅಂಗಳದಲ್ಲಿ ಮಕ್ಕಳ ಸಂತೆ ನಡೆಸತೊಡಗಿದರು. ನಾನು ಅವರ ಶಿಷ್ಯೆಯಾದದ್ದು ಅಲ್ಲಿಯೇ; ಇಂದು ಕನಕಪುರದ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತಿದ್ದೇನೆ.

ಮೇಡಂ ಅವರ ನಿವೃತ್ತಿಗೆಂದು ಹೊರತರುತ್ತಿರುವ ಈ ಅಭಿನಂದನ ಸಂಪುಟದಲ್ಲಿ ಹೊಗಳಿಕೆಗೆ ಕೊರತೆಯಿರಲಾರದು. ನನ್ನ ಐದನೆಯ ತರಗತಿಯ ಸಂತೆಯ ವಿಷಯ ಬರೆಯಬಹುದೇ ಎಂದು ಮೇಡಂ ಅವರನ್ನು ಕೇಳಿದೆ. ಅದನ್ನು ಬಿಟ್ಟು ಬೇರೆಲ್ಲ ಬರೆದರೆ ತಮ್ಮ ಬಗ್ಗೆ ಬರೆದಂತಾಗದು ಎಂದರು.

ನಮ್ಮ ತಂದೆ ಅಸದುಲ್ಲಾ ಮನೆಯ ಮುಂಗೋಣೆಯಲ್ಲಿ ಲೇತ್ ಯಂತ್ರ ಇಟ್ಟುಕೊಂಡು ಮರದ ಬೊಂಬೆ ಮಾಡುವವರು. ಸಂತೆಗೆಂದು ಬುಗುರಿಗಳನ್ನು ಕಡೆದು, ಅರಗಿನ ಬಣ್ಣ ಹಚ್ಚಿ, ಒಂದಕ್ಕೆ ಇಪ್ಪತ್ತು ರೂಪಾಯಿ ಎಂದು ಹೇಳಿ ಕಳುಹಿಸಿದ್ದರು. ಮೇಡಂ ಅಂದು ಚೌಕಾಸಿ ಕಲಿಸುತ್ತಿದ್ದರು. ಎಲ್ಲರನ್ನೂ ನನ್ನ ಚಾಪೆಯ ಸುತ್ತ ನಿಲ್ಲಿಸಿ, ಒಂದು ಬುಗುರಿಯನ್ನೆತ್ತಿ, ಬಣ್ಣ ಒಂದೇ ಸಮನಿಲ್ಲ, ಮೊನೆ ಓರೆಯಾಗಿದೆ, ಇದಕ್ಕೆ ಐದು ರೂಪಾಯಿ ಹೆಚ್ಚೇ ಆಯಿತು ಎಂದರು. ಮಕ್ಕಳು ನಕ್ಕರು. ನಾನು ಐದಕ್ಕೇ ಒಪ್ಪಿ ತಲೆಯಾಡಿಸಿಬಿಟ್ಟೆ. ಆಮೇಲೆ ಬಂದವರೆಲ್ಲ ಐದಕ್ಕೇ ಕೇಳಿದರು. ತಲೆಯೆತ್ತಿದಾಗ ತಂದೆಯವರು ಗೇಟಿನ ಬಳಿ ನಿಂತಿದ್ದರು. ಬಣ್ಣ ಹತ್ತಿದ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು, ಒಳಗೆ ಬಾರದೆ ತಿರುಗಿ ಹೋದರು. ಅವರು ಯಾರೆಂದು ಗೆಳತಿಯರಿಗೆ ತಿಳಿಯದಿರಲೆಂದು ನಾನು ಮತ್ತೆ ತಲೆ ತಗ್ಗಿಸಿದೆ.

ಮೇಡಂ ಮಾತ್ರ ಅವರನ್ನು ನೋಡಿದ್ದರು. ಯಾರೆಂದು ನನ್ನನ್ನು ಕೇಳಿ ತಿಳಿದು, ಅಂದು ಸಂಜೆಯೇ ಮನೆಗೆ ಬಂದರು. ತಂದೆಯವರು ಗಡಿಬಿಡಿಯಿಂದ ಕುರ್ಚಿ ಒರೆಸಿ ಕೊಟ್ಟರೂ ಅವರು ಕೂರಲಿಲ್ಲ.

“ಪಾಠ ಮಾಡೋ ಭರದಲ್ಲಿ ನಿಮ್ಮ ಕೆಲಸಾನ ಹೀಗಳೆದುಬಿಟ್ಟೆ. ಇಲ್ಲದ ಐಬು ಹೇಳ್ದೆ. ತಪ್ಪಾಯ್ತು,” ಎಂದರು.

“ಅಂಗನ್ಬ್ಯಾಡಿ ಮೇಡಂ. ಅಂಗಡಿಯೋರು ದಿನಾ ಅಂತಾರೆ, ರೂಢಿ ಆಗ್ಬುಟ್ಟೈತೆ. ಮಗಳ ಮುಂದೆ ಆಯ್ತಲ್ಲ, ಅದೇ ಒಸಿ…” ಎಂದು ತಂದೆಯವರು ಲೇತ್ ಮೇಲಿನ ಮರದ ಹೊಟ್ಟನ್ನು ಗುಡಿಸತೊಡಗಿದರು. ಮೇಡಂ ಅವರ ಮುಖ ಕೆಂಪಾದುದನ್ನು ಪರದೆಯ ಹಿಂದಿನಿಂದ ಕಂಡೆ. ನನ್ನ ಕಣ್ಣೂ ತುಂಬಿ ಬಂತು.

ಮರುದಿನ ತರಗತಿಯಲ್ಲಿ ಅವರು, ಬೆಲೆ ಇಳಿಸಲೆಂದು ತಾವು ಸುಳ್ಳು ಹೇಳಿದ್ದಾಗಿಯೂ, ತಮ್ಮಿಂದ ಅದೊಂದನ್ನು ಯಾರೂ ಕಲಿಯಬಾರದೆಂದೂ ಹೇಳಿದರು. ಎಲ್ಲರೂ ನನ್ನತ್ತ ತಿರುಗಿದರು. ನಾಚಿಕೆಯಿಂದ ಬೆಂಚಿನ ಮೇಲೆ ಮುಖ ಮುಚ್ಚಿಕೊಂಡೆ. ಮುಂದಿನ ಸಂತೆಗಳಲ್ಲಿ, ಪದಾರ್ಥ ಯಾರ ದುಡಿಮೆಯೆಂದು ಮೊದಲು ಹೇಳಿ, ಬೆಲೆಯನ್ನು ಆಮೇಲೆ ಹೇಳುವ ಪದ್ಧತಿ ಬಂತು. ಚೌಕಾಸಿ ಮಾಡಬಹುದಿತ್ತು, ಹೀಗಳೆಯುವಂತಿರಲಿಲ್ಲ. ಪ್ರತಿ ಸಂತೆಗೂ ನನ್ನ ತಂದೆಗೆ ಕರೆ ಹೋಗುತ್ತಿತ್ತು. ಅವರು ಒಮ್ಮೆಯೂ ಬರಲಿಲ್ಲ. ಸಂತೆ ಮುಗಿಯುವವರೆಗೂ ಮೇಡಂ ಗೇಟಿನ ಕಡೆ ನೋಡುತ್ತಲೇ ಇರುತ್ತಿದ್ದರು.

ಈ ಲೇಖನ ಬರೆಯುತ್ತಿರುವೆನೆಂದು ಹೇಳಿದಾಗ ತಂದೆಯವರು, ಮೇಡಂ ನಮ್ಮ ಮನೆಯವರೆಗೂ ಬಂದಿದ್ದರೆಂಬುದನ್ನು ಮರೆಯದೆ ಬರಿ, ಹಾಗೆ ಬೇರೆ ಯಾರೂ ಬಂದಿಲ್ಲ ಎಂದರು.

ನಿವೃತ್ತಿಯ ನಂತರವೂ ಸಂತೆ ನಡೆಸಿಕೊಡಬೇಕೆಂದು ಹೊಂಗನೂರಿನ ಶಾಲೆಯವರು ಸರಸಮ್ಮನವರನ್ನು ಕರೆದಿದ್ದಾರೆಂದು ಕೇಳಿದ್ದೇನೆ. ಅವರ ಕಾಲಿಗೆ ಕಸುವಿರಲಿ, ಕಣ್ಣಿಗೆ ಬೆಳಕಿರಲಿ. ನೂರು ತುಂಬುವವರೆಗೂ ಮಕ್ಕಳ ಚಾಪೆಯ ಮುಂದೆ ಕುಳಿತು, ಇದನ್ನು ಮಾಡಿದವರು ಯಾರಪ್ಪ ಎಂದು ಕೇಳುತ್ತಿರಲಿ.

— ಮಿಸ್ಬಾ