ಮೊಲ ಹುಲ್ಲು ಮುಟ್ಟದ ಬೆಳಗು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪ್ರವಾಸ ಹೊರಟವರು ತಮ್ಮ ಮುದ್ದಿನ ಪ್ರಾಣಿಗಳನ್ನು ಬಿಟ್ಟುಹೋಗುವ ಆರೈಕೆ ಕೇಂದ್ರವಿದು. ಇಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವ ಆಯಾ, ಹಿಂದಿನ ಕೋಣೆಯ ಬಾಗಿಲು ತೆರೆದು, ದೀಪ ಹಾಕದೆ, ಕಿವಿಗೊಟ್ಟು ನಿಲ್ಲುತ್ತಾರೆ. ಮೊಲಗಳು ಒಣಹುಲ್ಲು ಮೆಲ್ಲುವ ಕರಕರ ಸದ್ದು ಪ್ರತಿ ಗೂಡಿನಿಂದಲೂ ಬರಬೇಕು.

"ನಾಯಿಗೆ ನೋವಾದ್ರೆ ಕುಂಯ್‌ಗುಡುತ್ತೆ, ಬೆಕ್ಕು ಬೀದಿಗೆಲ್ಲ ಕೇಳೋ ಹಾಗೆ ಕೂಗುತ್ತೆ. ಮೊಲ ಜೀವ ಹೋಗ್ತಿದ್ರೂ ತುಟಿಪಿಟಕ್ ಅನ್ನಲ್ಲ" ಎನ್ನುತ್ತಾ ಅವರು ಹಿಕ್ಕೆಯ ತಟ್ಟೆಗಳನ್ನು ಒಂದೊಂದಾಗಿ ಎಳೆದು ನೋಡುತ್ತಾರೆ. ರಾತ್ರಿಯಿಡೀ ಹಿಕ್ಕೆ ಹಾಕದ ಮೊಲ ಎಂದರೆ ಅವರ ಲೆಕ್ಕದಲ್ಲಿ ಅಪಾಯದಲ್ಲಿರುವ ಮೊಲ.

ಗಂಡ ತೀರಿಕೊಂಡ ಮೇಲೆ ಈ ಕೆಲಸಕ್ಕೆ ಬಂದವರು. ಮಕ್ಕಳಿಲ್ಲ. ಟೈರ್ ಅಂಗಡಿಯ ಮೇಲಿನ ಒಂದು ಕೋಣೆಯೇ ಮನೆ. ರಜೆಯ ದಿನಗಳಲ್ಲಿ ಇಪ್ಪತ್ತು ಗೂಡು ತೊಳೆದು ಸೊಂಟ ಹಿಡಿದುಕೊಂಡರೂ, ಸಂಜೆ ಮನೆಗೆ ಹೋಗುವುದಕ್ಕೇ ಕಾಲು ಬರುವುದಿಲ್ಲವಂತೆ. "ಇಲ್ಲಾದ್ರೆ ನನ್ನ ಹೆಜ್ಜೆ ಸಪ್ಪಳಕ್ಕೆ ಕಿವಿ ನಿಮಿರಿಸೋರು ಇದಾರೆ."

ಕಳೆದ ತಿಂಗಳು, ಒಂಟಿಯಾಗಿ ಬದುಕುವ ಬಸ್ ಚಾಲಕರೊಬ್ಬರು ಶಸ್ತ್ರಚಿಕಿತ್ಸೆಗೆ ಸೇರುವ ಮುನ್ನ ತಮ್ಮ ಬೂದು ಮೊಲವನ್ನು ಇಲ್ಲಿ ಬಿಟ್ಟಿದ್ದರು. ಮರುದಿನ ಬೆಳಿಗ್ಗೆ ಆ ಗೂಡಿನಲ್ಲಿ ಸದ್ದಿಲ್ಲ. ಹುಲ್ಲು ಹಾಕಿದಂತೆಯೇ ಇತ್ತು, ಹಿಕ್ಕೆಯ ತಟ್ಟೆ ಖಾಲಿ. ಮೊಲ ಮೂಲೆಯಲ್ಲಿ ಬೆನ್ನು ಗೂನು ಮಾಡಿ ಕೂತು ಹಲ್ಲು ಮಸೆಯುತ್ತಿತ್ತು. ಕಿವಿ ಮುಟ್ಟಿದರೆ ತಣ್ಣಗೆ, ಹೊಟ್ಟೆ ಬಿಗಿದಿತ್ತು.

ಚಾಲಕರ ಫೋನ್ ಆಫ್ ಆಗಿತ್ತು. "ಅವರು ಸಿಗಲಿ, ಕೇಳ್ಕೊಂಡು ಕರ್ಕೊಂಡು ಹೋಗೋಣ, ಆತುರ ಬೇಡ" ಎಂದರು ಕೇಂದ್ರದ ಯಜಮಾನರು.

"ಅವರು ಸಿಗೋಷ್ಟರಲ್ಲಿ ಇದು ಇರಲ್ಲ ಸರ್. ಬೈಸ್ಕೊಳ್ಳೋದಿದ್ರೆ ನಾನೇ ಬೈಸ್ಕೊಳ್ತೀನಿ."

ಮೊಲವನ್ನು ತಮ್ಮ ಶಾಲಿನಲ್ಲಿ ಸುತ್ತಿ, ಎದೆಗೊತ್ತಿಕೊಂಡು ಪಶು ಆಸ್ಪತ್ರೆಗೆ ಓಡಿದರು. ಕರುಳು ಕೆಲಸ ನಿಲ್ಲಿಸಿದೆ, ತಡ ಮಾಡದೆ ತಂದದ್ದು ಒಳ್ಳೆಯದಾಯಿತು ಎಂದ ವೈದ್ಯೆ, ನೋವಿನ ಔಷಧಿ ಕೊಟ್ಟು ಚರ್ಮದಡಿ ದ್ರವ ಏರಿಸಿದರು. ಇಡೀ ದಿನ ಆಯಾ ಬೆಂಚಿನ ಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಅವರು ಊಟ ಮಾಡಿದರಾ ಎಂದು ಕೇಳಲು ಯಾರೂ ಇರಲಿಲ್ಲ.

ಸಂಜೆ ಮಡಿಲಲ್ಲಿ ಎರಡು ಪುಟ್ಟ ಹಿಕ್ಕೆ ಬಿದ್ದವು. "ಸೀರೆ ಹಾಳಾಯ್ತು ಅಂತ ಜನ ಅಳ್ತಾರೆ. ನಾನು ಖುಷಿಗೆ ಅತ್ತೆ!" ಎಂದು ಈಗ ನಗುತ್ತಾರೆ.

ಚಾಲಕರು ಚೇತರಿಸಿಕೊಂಡು ಬಂದರು. ವಿಷಯ ತಿಳಿದು ಕೈಮುಗಿದರು, ಮೊಲವನ್ನು ಬುಟ್ಟಿಯಲ್ಲಿಟ್ಟುಕೊಂಡು ಹೋದರು. ಆಯಾ ಆ ಗೂಡನ್ನು ತೊಳೆದು ಬಿಸಿಲಿಗಿಟ್ಟರು.

ಅವರ ಕತೆ ಕೇಳಲೆಂದು ಬಂದಿದ್ದ ನಾನು, ಏನಾದರೂ ಆಸೆ ಇದೆಯೇ ಎಂದು ಕೇಳಿದೆ. ಹುಲ್ಲು ಬಿಡಿಸುತ್ತಲೇ ಹೇಳಿದರು.

"ಮನೆಗೆ ಕರ್ಕೊಂಡು ಹೋದೋರು ಒಂದ್ಸಲ ಫೋನ್ ಮಾಡಿ, 'ಚೆನ್ನಾಗಿ ತಿಂತಾ ಇದೆ ಅಮ್ಮಾ' ಅಂದ್ರೆ ಸಾಕು. ನಂಗೆ ಬೇರೆ ಯಾರೂ ಫೋನ್ ಮಾಡಲ್ಲ ನೋಡಿ."